ಮಾರುವವರಿಗೇ ತಿಳಿಯದ ಎಲೆಕ್ಟ್ರಿಕ್ ಕಾರನ್ನು ನಮ್ಮ ಜಿಲ್ಲೆಯಲ್ಲಿ ಕೊಳ್ಳಬಹುದೇ?

ಪ್ರಶ್ನೆ: ನಾನು ಹೊಳಲ್ಕೆರೆಯ ನಿವಾಸಿ, ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೇನೆ. ದಿನವೂ ಹೋಗಿ ಬರಲು ಸುಮಾರು 70 ಕಿಲೋಮೀಟರ್ ಆಗುತ್ತದೆ. ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗುತ್ತೇವೆ. ಹಳೆಯ ಡೀಸೆಲ್ ಕಾರನ್ನು ಕೊಟ್ಟು ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದು ಚಿತ್ರದುರ್ಗದ ಒಂದು ಶೋರೂಮಿನಲ್ಲಿ ವಿಚಾರಿಸಿದೆ. ‘ಆ ಗಾಡಿ ಸ್ಟಾಕ್ ಇಡುವುದಿಲ್ಲ, ಬೆಂಗಳೂರಿನಿಂದ ತರಿಸಬೇಕು, ಟೆಸ್ಟ್ ಡ್ರೈವಿಗೂ ಗಾಡಿ ಇಲ್ಲ. ಐದು ವರ್ಷಕ್ಕೆ ಬ್ಯಾಟರಿ ಹೋಗುತ್ತದೆ, ಆಗ ಅರ್ಧ ಗಾಡಿಯ ದುಡ್ಡು ಹಾಕಬೇಕಾಗುತ್ತದೆ, ನಮ್ಮ ಕಡೆಯ ಬಿಸಿಲಿಗೆ ಅದು ಆಗಿಬರುವುದಿಲ್ಲ, ಪೆಟ್ರೋಲ್ ಗಾಡಿಯನ್ನೇ ತಗೊಳ್ಳಿ ಸರ್’ ಎಂದರು. ದಾವಣಗೆರೆಯ ಇನ್ನೊಂದು ಶೋರೂಮಿನಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು: ‘ಒಂದು ಚಾರ್ಜಿಗೆ 489 ಕಿಲೋಮೀಟರ್ ಓಡುತ್ತದೆ, ಕೇಂದ್ರದ ಸಬ್ಸಿಡಿ ಇದೆ, ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ.’ ಆದರೆ ಮನೆಯಲ್ಲಿ ಯಾವ ಚಾರ್ಜರ್ ಹಾಕಿಸಬೇಕು, ಕೆಟ್ಟರೆ ಎಲ್ಲಿ ರಿಪೇರಿ ಎಂದು ಕೇಳಿದರೆ ಅವರಲ್ಲೂ ಉತ್ತರವಿರಲಿಲ್ಲ. ಮಾರುವವರಿಗೇ ತಿಳಿಯದ ಗಾಡಿಯನ್ನು ನಂಬುವುದು ಹೇಗೆ? ಬೆಂಗಳೂರಿನಲ್ಲಿ ಕೊಂಡರೆ ಇಲ್ಲಿ ಸರ್ವೀಸ್ ಮಾಡಿಕೊಡುತ್ತಾರೆಯೇ? ಮನೆಯಲ್ಲಿ ಚಾರ್ಜ್ ಮಾಡಿದರೆ ಗೃಹಜ್ಯೋತಿ ತಪ್ಪುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಈ ಕಾರು ನಮ್ಮ ರಸ್ತೆಗೆ, ಬಿಸಿಲಿಗೆ, ಮನೆಯ ವಿದ್ಯುತ್ತಿಗೆ ಹೊಂದುತ್ತದೆಯೇ ಎಂಬುದು ಮೊದಲನೆಯದು. ತಿಳಿವಳಿಕೆಯಿಲ್ಲದವರಿಂದ ಕೊಂಡ ಮೇಲೆ ಕೆಟ್ಟರೆ ಯಾರ ಬಳಿ ಹೋಗುವುದು ಎಂಬುದು ಎರಡನೆಯದು. ಡೀಲರ್‌ಶಿಪ್‌ಗಳಲ್ಲಿ ಮೊದಲು ವರ್ಕ್‌ಶಾಪಿನಲ್ಲೂ ಆಮೇಲೆ ಮಾರಾಟ ವಿಭಾಗದಲ್ಲೂ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಮೊದಲ ಪ್ರಶ್ನೆಗೆ ಉತ್ತರ ನೀವು ದಿನಕ್ಕೆ ಎಷ್ಟು ಓಡಿಸುತ್ತೀರಿ ಎಂಬ ಲೆಕ್ಕದಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಶೋರೂಮಿನ ಹಿಂಬದಿಯ ವರ್ಕ್‌ಶಾಪಿನಲ್ಲಿ ಸಿಗುತ್ತದೆ. ಮುಂಭಾಗದಲ್ಲಿ ಕುಳಿತು ಮಾತನಾಡುವ ಯುವಕನ ಮಾತನ್ನು, ಅದು ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಈ ಎರಡರಲ್ಲಿ ಯಾವುದಕ್ಕೂ ಆಧಾರವಾಗಿ ಇಟ್ಟುಕೊಳ್ಳಬೇಡಿ.

ಮೊದಲು ಆ ಯುವಕನಿಗೆ ಏಕೆ ತಿಳಿದಿರುವುದಿಲ್ಲ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಅದು ಅರ್ಥವಾದರೆ ಅವನ ಮಾತಿನಲ್ಲಿ ಎಷ್ಟನ್ನು ಬಿಡಬೇಕು, ಎಷ್ಟನ್ನು ಇಟ್ಟುಕೊಳ್ಳಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಡೀಲರ್ ತನ್ನ ಬಳಿ ಇಟ್ಟುಕೊಳ್ಳುವ ಪ್ರತಿ ಗಾಡಿಯನ್ನೂ ಕಂಪನಿಗೆ ಹಣ ಕಟ್ಟಿ ತರುತ್ತಾನೆ. ಆ ಹಣ ಬಹುಮಟ್ಟಿಗೆ ಬ್ಯಾಂಕಿನ ಸಾಲ, ಗಾಡಿ ಅಂಗಳದಲ್ಲಿ ನಿಂತಷ್ಟು ದಿನವೂ ಬಡ್ಡಿ ಏರುತ್ತದೆ. ಟೆಸ್ಟ್ ಡ್ರೈವ್ ಗಾಡಿಯೂ ಅವನದೇ ಖರ್ಚು, ಕೊನೆಗೆ ಅದನ್ನು ಕಡಿಮೆ ಬೆಲೆಗೆ ಮಾರಬೇಕು. ತಿಂಗಳಿಗೆ ಹತ್ತಾರು ಪೆಟ್ರೋಲ್ ಕಾರು ಹೋಗುವ ಊರಿನಲ್ಲಿ ಒಂದೋ ಎರಡೋ ಎಲೆಕ್ಟ್ರಿಕ್ ಕಾರು ಹೋಗುವುದಾದರೆ, ಅದಕ್ಕಾಗಿ ಸ್ಟಾಕು, ಡೆಮೊ ಗಾಡಿ, ತರಬೇತಿ ಪಡೆದ ಮಾರಾಟಗಾರ ಎಲ್ಲವನ್ನೂ ಹೊಂದಿಸಲು ಅವನು ಹಿಂದೆಮುಂದೆ ನೋಡುವುದು ಸಹಜ. ಕಂಪನಿಯೂ ಹೆಚ್ಚು ಮಾರುವ ಊರಿಗೆ ಮೊದಲು ಗಾಡಿ ಕಳಿಸುತ್ತದೆ. ಹೀಗಾಗಿ ಗಾಡಿ ಇಲ್ಲದ್ದರಿಂದ ಮಾರಾಟವಿಲ್ಲ, ಮಾರಾಟವಿಲ್ಲದ್ದರಿಂದ ಗಾಡಿ ಇಲ್ಲ ಎಂಬ ಸ್ಥಿತಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಬಿಟ್ಟ ಬಹುತೇಕ ಊರುಗಳಲ್ಲಿ ಇದೆ.

ಇದರ ಹಿಂದೆ ಇನ್ನೊಂದು ಕಾರಣವಿದೆ. ಅದನ್ನು ಯಾವ ಡೀಲರನೂ ನಿಮ್ಮೆದುರು ಹೇಳಲಾರ. ಹೊಸ ಕಾರು ಮಾರುವುದರಲ್ಲಿ ಉಳಿಯುವ ಲಾಭ ತೆಳುವಾದದ್ದು. ಶೋರೂಮಿನ ಬಾಡಿಗೆ, ಸಂಬಳಗಳನ್ನು ತೂಗಿಸುವುದು ವರ್ಕ್‌ಶಾಪು, ಬಿಡಿಭಾಗ, ಇನ್ಶೂರೆನ್ಸ್ ಮತ್ತು ಸಾಲದ ಕಮಿಷನ್ನು. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ; ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡುಗಳೂ ನಿಧಾನವಾಗಿ ಸವೆಯುತ್ತವೆ. ಗ್ರಾಹಕನಿಗೆ ಉಳಿತಾಯವಾದದ್ದು ವರ್ಕ್‌ಶಾಪಿಗೆ ಆದಾಯ ಕಡಿತ. ಮೇಲಾಗಿ ಮಾರಾಟಗಾರನ ಇನ್ಸೆಂಟಿವ್ ತಿಂಗಳಿಗೆ ಎಷ್ಟು ಗಾಡಿ ಎಂಬ ಲೆಕ್ಕದ ಮೇಲೆ ನಿಂತಿರುತ್ತದೆ. ಒಬ್ಬ ಗ್ರಾಹಕನಿಗೆ ಚಾರ್ಜಿಂಗ್, ಮೀಟರ್, ಬ್ಯಾಟರಿ ಎಂದು ಮೂರು ಸಲ ವಿವರಿಸುವ ಹೊತ್ತಿನಲ್ಲಿ ಅವನು ಎರಡು ಪೆಟ್ರೋಲ್ ಗಾಡಿ ಬುಕ್ ಮಾಡಿಸಬಲ್ಲ. ಕಂಪನಿ ಒಂದೆರಡು ದಿನ ತರಬೇತಿ ಕೊಟ್ಟಿರುತ್ತದೆ, ಆದರೆ ತರಬೇತಿ ಪಡೆದವನು ವರ್ಷದೊಳಗೆ ಬೇರೆ ಶೋರೂಮಿಗೆ ಹೋಗಿರುತ್ತಾನೆ. ನಿಮಗೆ ‘ಪೆಟ್ರೋಲ್ ತಗೊಳ್ಳಿ’ ಎಂದವನು ತನ್ನ ವ್ಯಾಪಾರಕ್ಕೆ ಯಾವುದು ಸುಲಭವೋ ಅದನ್ನು ಹೇಳಿದ್ದಾನೆ. ಅವನು ಸುಳ್ಳುಗಾರನೆಂದು ನಾನು ಹೇಳಲಾರೆ. ಕೇಳಿದ್ದನ್ನು ನಂಬಿದ್ದಾನೆ, ಅಷ್ಟೇ.

ಈಗ ಅವರು ಹೇಳಿದ್ದನ್ನೇ ಒಂದೊಂದಾಗಿ ನೋಡೋಣ.

ಐದು ವರ್ಷಕ್ಕೆ ಬ್ಯಾಟರಿ ಹೋಗುತ್ತದೆ ಎಂಬ ಮಾತು ಮೊಬೈಲ್ ಫೋನಿನ ಅನುಭವದಿಂದಲೋ, ಹಳೆಯ ಲೆಡ್ ಆಸಿಡ್ ಬ್ಯಾಟರಿಯ ಇ-ರಿಕ್ಷಾ, ಸ್ಕೂಟರುಗಳ ಅನುಭವದಿಂದಲೋ ಬಂದದ್ದು. ಕಾರುಗಳ ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. 2025ರಿಂದ ಟಾಟಾ ತನ್ನ ಕೆಲವು ಮಾದರಿಗಳಿಗೆ ಮೊದಲ ಮಾಲೀಕರಿಗಷ್ಟೇ ಅನ್ವಯವಾಗುವಂತೆ ಇದನ್ನು 15 ವರ್ಷಕ್ಕೆ ವಿಸ್ತರಿಸಿದೆ. ಬ್ಯಾಟರಿ ಒಂದೇ ದಿನ ಸಾಯುವುದಿಲ್ಲ. ಅದರ ಸಾಮರ್ಥ್ಯ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಒಂದು ಭಾಗ ಕೆಟ್ಟರೆ ಅನೇಕ ಗಾಡಿಗಳಲ್ಲಿ ಆ ಮಾಡ್ಯೂಲನ್ನಷ್ಟೇ ಬದಲಿಸಲು ಬರುತ್ತದೆ. ಆದರೆ ವಾರಂಟಿ ಎಂಬ ಪದವನ್ನು ಕೇಳಿ ಸುಮ್ಮನಾಗಬೇಡಿ. ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಕೆಳಗಿಳಿದರೆ ಬದಲಿಸಿಕೊಡುತ್ತಾರೆ ಎಂಬುದು ವಾರಂಟಿ ಪುಸ್ತಕದಲ್ಲಿ ಮುದ್ರಿತವಾಗಿದೆಯೇ ನೋಡಿ. ರಸ್ತೆ ಉಬ್ಬಿಗೋ ಕಲ್ಲಿಗೋ ತಗುಲಿ ತಳದ ಬ್ಯಾಟರಿ ಪೆಟ್ಟಿಗೆ ಜಖಂಗೊಂಡರೆ, ನೆರೆ ನೀರಿನಲ್ಲಿ ಮುಳುಗಿದರೆ ವಾರಂಟಿ ಅನ್ವಯಿಸುವುದಿಲ್ಲ. ಅದು ಇನ್ಶೂರೆನ್ಸ್ ವ್ಯಾಪ್ತಿಗೆ ಬರುತ್ತದೆ. ನನ್ನ ಪ್ರಕಾರ ನಮ್ಮ ಒಳರಸ್ತೆಗಳಲ್ಲಿ ನಿಜವಾದ ಅಪಾಯ ಇದೇ. ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಬೆಲೆಯಲ್ಲಿ ಸವಕಳಿ ಕಳೆಯದೆ ಪರಿಹಾರ ಕೊಡುವ ಕವರ್) ಜೊತೆಗೆ ಬ್ಯಾಟರಿ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದೆ ಗಾಡಿಯನ್ನು ಶೋರೂಮಿನಿಂದ ಹೊರಗೆ ತರಬೇಡಿ.

ಬಿಸಿಲಿನ ವಿಚಾರದಲ್ಲಿ ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಶಾಖ ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಆದರೆ ಚಿತ್ರದುರ್ಗ, ದಾವಣಗೆರೆಗಳ ಏಪ್ರಿಲ್ ಬಿಸಿಲಿಗಿಂತ ರಾಯಚೂರು, ಕಲಬುರಗಿಗಳ ಬಿಸಿಲು ತೀಕ್ಷ್ಣ, ಅಲ್ಲೂ ಈ ಕಾರುಗಳು ಓಡುತ್ತಿವೆ. ಬ್ಯಾಟರಿಯ ಸುತ್ತ ಕೂಲಂಟ್ ಹರಿಸಿ ತಂಪು ಮಾಡುವ ವ್ಯವಸ್ಥೆ ಇರುವ ಗಾಡಿಯನ್ನು ಆರಿಸಿ. ಅಗ್ಗದ ಕೆಲವು ಮಾದರಿಗಳಲ್ಲಿ ಗಾಳಿಯಿಂದಷ್ಟೇ ತಂಪಾಗುವ ಬ್ಯಾಟರಿ ಇರುತ್ತದೆ. ಈಗ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅನೇಕ ಗಾಡಿಗಳಲ್ಲಿ ಇರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ತೂಕಕ್ಕೆ ಹೋಲಿಸಿದರೆ ಇದು ಹಿಡಿದಿಡುವ ವಿದ್ಯುತ್ತು ಸ್ವಲ್ಪ ಕಡಿಮೆ, ಆದರೆ ಶಾಖವನ್ನೂ ಹೆಚ್ಚು ಬಾರಿ ಚಾರ್ಜ್ ಮಾಡುವುದನ್ನೂ ನಿಕ್ಕಲ್ ಬಳಸಿದ ಬ್ಯಾಟರಿಗಿಂತ ಚೆನ್ನಾಗಿ ತಾಳುತ್ತದೆ. ಅದನ್ನು ಆಗಾಗ ಪೂರ್ತಿ 100ರವರೆಗೆ ಚಾರ್ಜ್ ಮಾಡಬೇಕು, ಇಲ್ಲವಾದರೆ ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಶೇಕಡಾ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಬೇರೆ ಬಗೆಯ ಬ್ಯಾಟರಿಗೆ ದಿನವೂ 80ರಲ್ಲಿ ನಿಲ್ಲಿಸುವುದು ಒಳಿತು. ಈ ವ್ಯತ್ಯಾಸವನ್ನು ಶೋರೂಮಿನಲ್ಲಿ ಯಾರಾದರೂ ತಾವಾಗಿಯೇ ಹೇಳಿದರೆ, ಅಲ್ಲಿ ತಿಳಿದವರಿದ್ದಾರೆ ಎಂದು ಭಾವಿಸಬಹುದು.

ಇನ್ನು ದಾವಣಗೆರೆಯಲ್ಲಿ ಕೇಳಿದ ಸಿಹಿ ಮಾತುಗಳು. 489 ಎಂಬ ಸಂಖ್ಯೆ ಸುಳ್ಳಲ್ಲ. 45 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಯ ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಕಾರಿಗೆ ಭಾರತೀಯ ಪರೀಕ್ಷಾ ಕ್ರಮದಲ್ಲಿ ಬಂದ ಅಂಕಿ ಅದು. ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್ ಮೇಲೆ, ಬಹುಪಾಲು ಕಡಿಮೆ ವೇಗದಲ್ಲಿ. ಅದೇ ಕಂಪನಿ 2024ರಿಂದ ಗ್ರಾಹಕರಿಗೆ ವಾಸ್ತವವಾಗಿ ಸಿಗಬಹುದಾದ ಅಂದಾಜನ್ನೂ ಬೇರೆಯಾಗಿ ಹೇಳುತ್ತಿದ್ದು, ಈ ಗಾಡಿಗೆ ಅದು 350ರಿಂದ 370 ಕಿಲೋಮೀಟರ್. ಹೆದ್ದಾರಿಯಲ್ಲಿ ಎ.ಸಿ. ಹಾಕಿ, ನಾಲ್ಕು ಜನ ಕುಳಿತು, 90–100ರ ವೇಗದಲ್ಲಿ ಹೋದರೆ ಇನ್ನೂ ಇಳಿಯುತ್ತದೆ. ಯೂನಿಟ್‌ಗೆ 6ರಿಂದ 6.5 ಕಿಲೋಮೀಟರ್ ಎಂದು ಇಟ್ಟುಕೊಂಡು ಲೆಕ್ಕ ಹಾಕುವುದು ಕ್ಷೇಮ. ಮಳೆಗಾಲದಲ್ಲಿ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವ ಪಶ್ಚಿಮದ ಗಾಳಿ ಬೆಂಗಳೂರಿನಿಂದ ಬರುವ ಗಾಡಿಗೆ ಓರೆಯಾಗಿ ಎದುರಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವಾಗಿನದಕ್ಕಿಂತ ಬರುವಾಗ ಹೆಚ್ಚು ಚಾರ್ಜ್ ಖರ್ಚಾದರೆ ಬ್ಯಾಟರಿ ಕೆಟ್ಟಿತೆಂದು ಗಾಬರಿಯಾಗಬೇಡಿ.

ಸಬ್ಸಿಡಿಯ ಮಾತು ತಪ್ಪು. ಎಲೆಕ್ಟ್ರಿಕ್ ವಾಹನಗಳಿಗೆ ಸಹಾಯಧನ ಕೊಡುತ್ತಿದ್ದ ಕೇಂದ್ರದ ಫೇಮ್-2 ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿಯಿತು. ಅದರಲ್ಲೂ ಸ್ವಂತ ಬಳಕೆಯ ಕಾರಿಗೆ ಸಹಾಯಧನ ಇರಲಿಲ್ಲ. ಆ ವರ್ಷದ ಅಕ್ಟೋಬರ್‌ನಿಂದ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲೂ ಇಲ್ಲ. ಬಡ್ಡಿಯ ಮೇಲಿನ ಒಂದೂವರೆ ಲಕ್ಷದ ವಿನಾಯಿತಿ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಇಂದು ಸಾಲ ಮಾಡುವವರಿಗೆ ಅದು ಸಿಗದು. ಇದನ್ನು ಇನ್ನೂ ಹೇಳಿ ಮಾರುತ್ತಿರುವವರಿಗೆ ಹಳೆಯ ಕರಪತ್ರವೇ ಪಠ್ಯಪುಸ್ತಕ. ನಿಜವಾಗಿ ಇರುವ ಅನುಕೂಲಗಳೆಂದರೆ, ಜಿಎಸ್‌ಟಿ ಶೇಕಡಾ 5 ಮಾತ್ರ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಂತಿನಲ್ಲಿ ಶೇಕಡಾ 15 ರಿಯಾಯಿತಿ, ನೋಂದಣಿ ಶುಲ್ಕದ ವಿನಾಯಿತಿ. ರಾಜ್ಯದ ಜೀವಾವಧಿ ತೆರಿಗೆಯ ನಿಯಮ ಬದಲಾಗುತ್ತಿರುತ್ತದೆ. 2024ರಲ್ಲಿ 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇಕಡಾ 10 ತೆರಿಗೆ ಬಂದಿತು. ಬುಕ್ ಮಾಡುವ ದಿನದ ದರವನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿರುವುದರಿಂದ ಎರಡರ ಬೆಲೆಯ ಅಂತರ ಮೊದಲಿಗಿಂತ ಹೆಚ್ಚಾಗಿದೆ ಎಂಬುದನ್ನೂ ಮರೆಯುವಂತಿಲ್ಲ. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಗಳಲ್ಲಿ ಜಾಹೀರಾತಿನ ಬೆಲೆ ಕಡಿಮೆ ಕಾಣುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ 9.99 ಲಕ್ಷಕ್ಕೆ ಬಂದಾಗ ಅದರ ಮೇಲೆ ಕಿಲೋಮೀಟರಿಗೆ 3.5 ರೂಪಾಯಿಯಂತೆ ಬ್ಯಾಟರಿ ಬಾಡಿಗೆ ಬೇರೆ ಇತ್ತು. ನಿಮ್ಮಷ್ಟು ಓಡಿಸುವವರಿಗೆ ಅದು ಲಾಭದ ದಾರಿ ಎಂದು ನನಗನ್ನಿಸುವುದಿಲ್ಲ.

ಈಗ ನಿಮ್ಮ ಮನೆಯ ಪ್ಲಗ್ಗಿಗೆ ಬರೋಣ. ಈ ವಿಚಾರದಲ್ಲಿ ಶೋರೂಮಿನವರ ಅಜ್ಞಾನ ಗ್ರಾಹಕರಿಗೆ ಹೆಚ್ಚು ದುಬಾರಿಯಾಗಿ ಬೀಳುವುದನ್ನು ನಾನು ಕಂಡಿದ್ದೇನೆ. ದಿನಕ್ಕೆ 70 ಕಿಲೋಮೀಟರ್ ಓಡಿಸಲು ಸುಮಾರು 11 ಯೂನಿಟ್ ಬೇಕು. ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿದರೆ 12 ದಾಟುತ್ತದೆ. ಗಾಡಿಯ ಜೊತೆ ಬರುವ, 16 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸುವ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಇದು ನಾಲ್ಕು ಗಂಟೆಯ ಕೆಲಸ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರನ್ನು ‘ಕಡ್ಡಾಯ’ ಎಂದು ಹಾಕಿಸುವವರಿದ್ದಾರೆ. ನಿಮ್ಮ ಬಳಕೆಗೆ ಅದರ ಅಗತ್ಯವಿಲ್ಲ. ಅದನ್ನು ಹಾಕಿಸಿದರೆ ಬೆಸ್ಕಾಂನಲ್ಲಿ ಮಂಜೂರಾದ ಲೋಡನ್ನು ಅಷ್ಟೇ ಹೆಚ್ಚಿಸಿಕೊಳ್ಳಬೇಕು, ಹೆಚ್ಚಿಸಿದ ಪ್ರತಿ ಕಿಲೋವ್ಯಾಟ್‌ಗೂ ತಿಂಗಳು ತಿಂಗಳು ನಿಗದಿತ ಶುಲ್ಕ ತೆರಬೇಕು. 3.3ಕ್ಕಾದರೂ ಮನೆಯ ಲೋಡ್ 2 ಅಥವಾ 3 ಕಿಲೋವ್ಯಾಟ್ ಇದ್ದರೆ ಏರಿಸಿಕೊಳ್ಳುವುದು ಉತ್ತಮ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರ್, ಪ್ರತ್ಯೇಕ ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನಾಗಿ ಆಫ್ ಆಗುವ ಸ್ವಿಚ್), ಒಳ್ಳೆಯ ಕಂಪನಿಯ ಸಾಕೆಟ್ ಇರಲಿ. ಗೀಸರ್ ಅಥವಾ ಮೋಟಾರಿನ ಹಳೆಯ ಲೈನಿನಲ್ಲಿ ಗಂಟೆಗಟ್ಟಲೆ ಚಾರ್ಜ್ ಮಾಡಿ ಸಾಕೆಟ್ ಕರಗಿಸಿಕೊಂಡವರಿದ್ದಾರೆ.

ಅರ್ಥಿಂಗ್ ಬಗ್ಗೆ ವಿಶೇಷವಾಗಿ ಹೇಳಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಅದು ನಿಮ್ಮ ಸುರಕ್ಷತೆಗಾಗಿಯೇ ಇರುವ ಏರ್ಪಾಡು. ನಮ್ಮ ಕಡೆ ನೆಲ ಕಲ್ಲುಮಯ, ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ಚಾರ್ಜ್ ಆಗುತ್ತಿದ್ದ ಗಾಡಿ ಮಾರ್ಚ್‌ನಲ್ಲಿ ಏಕಾಏಕಿ ಚಾರ್ಜ್ ಆಗುವುದಿಲ್ಲ ಎಂಬ ದೂರು ಬಂದಾಗ ವರ್ಕ್‌ಶಾಪಿನವರು ಚಾರ್ಜರ್ ಬದಲಿಸಿ ನೋಡುತ್ತಾರೆ, ಸಾಫ್ಟ್‌ವೇರ್ ಹಾಕಿ ನೋಡುತ್ತಾರೆ. ಗುಂಡಿಗೆ ಎರಡು ಕೊಡ ನೀರು ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೊಸ ಗುಂಡಿ ತೋಡಿಸುವುದಾದರೆ ಸಾಕಷ್ಟು ಆಳಕ್ಕೆ ತೋಡಿಸಿ, ಪರಿಣತರಿಂದ ಅಳತೆ ಮಾಡಿಸಿ. ಸಂಜೆ ವೋಲ್ಟೇಜ್ ಇಳಿಯುವ ಬೀದಿಯಾದರೆ ರಾತ್ರಿ ಹತ್ತರ ನಂತರ ಚಾರ್ಜ್ ಆರಂಭವಾಗುವಂತೆ ಗಾಡಿಯಲ್ಲೇ ಸಮಯ ಹೊಂದಿಸಿಡಬಹುದು. ತೋಟದ ಮನೆಯಲ್ಲಿರುವ ಓದುಗರಿಗೆ ಒಂದು ಮಾತು: ಪಂಪ್‌ಸೆಟ್ಟಿನ ಉಚಿತ ವಿದ್ಯುತ್ ಲೈನಿನಿಂದ ಕಾರು ಚಾರ್ಜ್ ಮಾಡುವುದು ಕಾನೂನುಬಾಹಿರ, ವೋಲ್ಟೇಜ್ ಏರುಪೇರಿನಿಂದ ಗಾಡಿಗೂ ಹಾನಿ.

ಗೃಹಜ್ಯೋತಿಯ ಪ್ರಶ್ನೆ ನಿಮ್ಮ ಪತ್ರದಲ್ಲಿ ಕೊನೆಗೆ ಬಂದಿದೆ, ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ಯಾವ ಶೋರೂಮಿನವರೂ ಇದನ್ನು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಶಾಲೆಯ ಓಡಾಟಕ್ಕೇ ತಿಂಗಳಿಗೆ ಸುಮಾರು 290 ಯೂನಿಟ್ ಬೇಕಾಗುತ್ತದೆ. ಮನೆಯ ಮೀಟರಿನಲ್ಲಿಯೇ ಇದನ್ನು ಬಳಸಿದರೆ 200 ಯೂನಿಟ್‌ಗಳ ಮಿತಿ ದಾಟುವುದು ಖಚಿತ, ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. ಆದ್ದರಿಂದ ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಮೀಟರಿಗೆ ಬೆಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಹಾಕಿ; ಆ ವರ್ಗಕ್ಕೆ ವಿದ್ಯುತ್ ನಿಯಂತ್ರಣ ಆಯೋಗ ಬೇರೆ ದರವನ್ನೇ ನಿಗದಿಪಡಿಸಿದೆ. ಮನೆಯ ಮೀಟರ್ ಆಗ ಮೊದಲಿನಂತೆಯೇ ಉಳಿಯುತ್ತದೆ. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ ಎರಡು ಸಾವಿರದ ಆಸುಪಾಸು ಆಗುತ್ತದೆ. ಇದೇ ಓಡಾಟಕ್ಕೆ ಲೀಟರಿಗೆ 16 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಹತ್ತು ಸಾವಿರ ದಾಟುತ್ತದೆ. ವರ್ಷಕ್ಕೆ ಉಳಿಯುವ 90 ಸಾವಿರಕ್ಕೂ ಹೆಚ್ಚಿನ ಈ ಮೊತ್ತವೇ ಎಲೆಕ್ಟ್ರಿಕ್ ಕಾರಿನ ಪರವಾಗಿ ನಿಮ್ಮ ಬಳಿ ಇರುವ ಬಲವಾದ ವಾದ. ದಿನಕ್ಕೆ 15 ಕಿಲೋಮೀಟರ್ ಓಡಿಸುವವರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆಯೇ ಆಗಿರುತ್ತಿತ್ತು.

ಬೆಂಗಳೂರಿನ ಪ್ರಯಾಣ ಇನ್ನೊಂದು ಲೆಕ್ಕ. ಹೊಳಲ್ಕೆರೆಯಿಂದ ಹೊರಟರೆ 230 ಕಿಲೋಮೀಟರಿಗೂ ಮೇಲಾಗುತ್ತದೆ. 45 ಯೂನಿಟ್ ಬ್ಯಾಟರಿ ತುಂಬಿಕೊಂಡು ಹದವಾದ ವೇಗದಲ್ಲಿ ಹೋದರೆ ಕಾಗದದ ಮೇಲೆ ತಲುಪಬಹುದು, ಆದರೆ ಹಾಗೆ ಯೋಜಿಸಬಾರದು; ಹಿರಿಯೂರು–ಶಿರಾ–ತುಮಕೂರು ನಡುವೆ ಒಮ್ಮೆ ಅರ್ಧ ಗಂಟೆ ನಿಲ್ಲಿಸಿ ಚಾರ್ಜ್ ಮಾಡುವುದೆಂದೇ ಇಟ್ಟುಕೊಳ್ಳಿ. 25–30 ಯೂನಿಟ್ ಬ್ಯಾಟರಿಯ ಸಣ್ಣ ಗಾಡಿಯಾದರೆ ಎರಡು ಸಲವಾದರೂ ನಿಲ್ಲಬೇಕಾಗಿ ಬರಬಹುದು, ತಿಂಗಳಿಗೊಮ್ಮೆಯ ಈ ಪ್ರಯಾಣ ಬೇಸರ ತರಿಸುತ್ತದೆ. ಫಾಸ್ಟ್ ಚಾರ್ಜರ್ ಶೇಕಡಾ 80ರ ನಂತರ ನಿಧಾನವಾಗುತ್ತದೆ, ಅಲ್ಲಿಗೇ ಬಿಟ್ಟು ಹೊರಡುವುದು ಜಾಣತನ. ಅಲ್ಲಿನ ದರ ಮನೆಯ ದರದ ಮೂರು ಪಟ್ಟಿನಷ್ಟು ಇರುತ್ತದೆ. ಮಗಳ ಮನೆಯಲ್ಲಿ ಪಾರ್ಕಿಂಗ್ ಜಾಗಕ್ಕೆ ಒಂದು 16 ಆಂಪಿಯರ್ ಪಾಯಿಂಟ್ ಹಾಕಿಸಿಕೊಂಡರೆ ರಾತ್ರಿ ಹತ್ತು ಗಂಟೆಯಲ್ಲಿ 30 ಯೂನಿಟ್ ತುಂಬುತ್ತದೆ, ವಾಪಸು ಬರುವಾಗಿನ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

48ನೇ ಹೆದ್ದಾರಿಯಲ್ಲಿ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಫಾಸ್ಟ್ ಚಾರ್ಜರುಗಳು ಬಂದಿವೆ. ಹೆದ್ದಾರಿ ಬಿಟ್ಟು ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆ ಒಳಗೆ ಹೋದಂತೆ ಅವು ವಿರಳವಾಗುತ್ತವೆ. ನಕ್ಷೆಯಲ್ಲಿ ಚಾರ್ಜರ್ ಗುರುತು ಇದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಮೊದಲ ಹಂತದಲ್ಲಿ ಸರ್ಕಾರಿ ಜಾಗಗಳಲ್ಲಿ ಹಾಕಿದ ಕೆಲವು ಚಾರ್ಜರುಗಳು ಹಳೆಯ ಭಾರತ್ ಡಿಸಿ-001 ಮಾದರಿಯವು. ಇಂದಿನ ಕಾರುಗಳಲ್ಲಿ ಇರುವುದು ಸಿಸಿಎಸ್-2 ಸಾಕೆಟ್ ಆದ್ದರಿಂದ ಅವು ಹೊಂದುವುದಿಲ್ಲ. ಇನ್ನು ಕೆಲವು ಸ್ಕೂಟರು, ಆಟೋಗಳಿಗೆ ಮಾತ್ರ ಆಗುವಂಥವು. ಬೆಸ್ಕಾಂನ ಇವಿ ಮಿತ್ರ, ಟಾಟಾ ಪವರ್, ಸ್ಟಾಟಿಕ್ ಮುಂತಾದ ಆ್ಯಪ್‌ಗಳಲ್ಲಿ ಎರಡು ಮೂರನ್ನಾದರೂ ಫೋನಿನಲ್ಲಿ ಇಟ್ಟುಕೊಂಡು, ಹಣ ತುಂಬಿಸಿ, ಗಾಡಿ ಕೊಳ್ಳುವ ಮೊದಲೇ ಒಮ್ಮೆ ನಿಮ್ಮ ಡೀಸೆಲ್ ಕಾರಿನಲ್ಲೇ ಬೆಂಗಳೂರಿಗೆ ಹೋಗುವಾಗ ಆ ಜಾಗಗಳನ್ನು ಕಣ್ಣಾರೆ ನೋಡಿ. ಯಾವುದು ಕೆಲಸ ಮಾಡುತ್ತಿದೆ, ಯಾವುದರ ಮುಂದೆ ಲಾರಿ ನಿಂತಿರುತ್ತದೆ ಎಂಬುದು ಆಗ ತಿಳಿಯುತ್ತದೆ.

ಇನ್ನು ಎಲ್ಲಿ ಕೊಳ್ಳುವುದು ಎಂಬ ಪ್ರಶ್ನೆ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ತೆರಿಗೆ ರಾಜ್ಯಕ್ಕೆಲ್ಲ ಒಂದೇ. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ನೋಂದಣಿ ಪ್ರಾಧಿಕಾರದಲ್ಲಿ ನೋಂದಾಯಿಸಲು ಅವಕಾಶವಿದೆ, ಚಿತ್ರದುರ್ಗದ ಕೆಎ-16 ಸಂಖ್ಯೆಯೇ ಬೇಕೆಂದರೆ ಅದನ್ನೂ ಕೇಳಿ ಪಡೆಯಬಹುದು. ವಾರಂಟಿ ಕಂಪನಿಯದು, ಡೀಲರನದಲ್ಲ; ಆದ್ದರಿಂದ ಎಲ್ಲಿ ಕೊಂಡರೂ ಆ ಕಂಪನಿಯ ಅಧಿಕೃತ ವರ್ಕ್‌ಶಾಪ್ ಅದನ್ನು ಗೌರವಿಸಬೇಕು. ‘ನಮ್ಮಲ್ಲಿ ಕೊಂಡಿಲ್ಲ’ ಎಂದು ತಿರಸ್ಕರಿಸಿದರೆ ಕಂಪನಿಗೆ ಇಮೇಲ್‌ನಲ್ಲಿ ಬರೆಯಿರಿ. ಅದಕ್ಕೂ ಜಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆದರೆ ಕಾನೂನು ಒಂದು, ವ್ಯವಹಾರ ಇನ್ನೊಂದು: ಸ್ಥಳೀಯವಾಗಿ ಕೊಂಡವರ ಗಾಡಿಗೆ ಬದಲಿ ವ್ಯವಸ್ಥೆ, ಬಿಡಿಭಾಗದ ಆದ್ಯತೆ ಬೇಗ ಸಿಗುತ್ತದೆ. ಹಾಗಾಗಿ ಬೆಲೆಯಲ್ಲಿ ಹತ್ತು–ಹದಿನೈದು ಸಾವಿರದ ವ್ಯತ್ಯಾಸಕ್ಕಾಗಿ ದೂರ ಹೋಗಬೇಡಿ. ಇಲ್ಲಿ ಗಾಡಿ ಸಿಗದಿದ್ದರೆ ಮಾತ್ರ ಹೋಗಿ.

ಕಂಪನಿಯನ್ನು ಆರಿಸುವ ಮೊದಲು ಶೋರೂಮಿಗೆ ಹೋಗದೆ ನೇರವಾಗಿ ಅದರ ವರ್ಕ್‌ಶಾಪಿಗೆ ಹೋಗಿ, ಸರ್ವೀಸ್ ಮ್ಯಾನೇಜರ್ ಅಥವಾ ಹಿರಿಯ ಟೆಕ್ನಿಷಿಯನ್ನನ್ನು ಭೇಟಿ ಮಾಡಿ. ಹೈವೋಲ್ಟೇಜ್ ಕೆಲಸಕ್ಕೆ ಕಂಪನಿಯಿಂದ ಪ್ರಮಾಣಪತ್ರ ಪಡೆದವರು ಇಲ್ಲಿ ಎಷ್ಟು ಜನ ಇದ್ದಾರೆ, ಬ್ಯಾಟರಿ ಇಳಿಸುವ ಲಿಫ್ಟ್ ಟೇಬಲ್ ಮತ್ತು ಆ ಕೆಲಸಕ್ಕೆಂದೇ ಪ್ರತ್ಯೇಕ ಜಾಗ ಇಲ್ಲಿಯೇ ಇದೆಯೇ ಇಲ್ಲವೇ ಗಾಡಿಯನ್ನು ಬೇರೆ ಊರಿಗೆ ಕಳಿಸುತ್ತೀರಾ, ರಸ್ತೆಯಲ್ಲಿ ನಿಂತರೆ ಗಾಡಿಯನ್ನು ಪೂರ್ತಿ ಮೇಲೆತ್ತಿ ಒಯ್ಯುವ ಫ್ಲಾಟ್‌ಬೆಡ್ ಲಾರಿ ಎಲ್ಲಿಂದ ಬರುತ್ತದೆ, ಎಷ್ಟು ದೂರದವರೆಗೆ ಉಚಿತ ಎಂದು ಕೇಳಿ. ಕೊನೆಯದು ಬಹಳ ಮುಖ್ಯ. ಎಲೆಕ್ಟ್ರಿಕ್ ಕಾರನ್ನು ಚಾಲಕ ಚಕ್ರಗಳು ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ಎಳೆಯಬಾರದು, ಮೋಟಾರಿಗೆ ಹಾನಿಯಾಗುತ್ತದೆ. ಚಿತ್ರದುರ್ಗದಲ್ಲಿ ಮಾರಾಟ ಮಳಿಗೆ ಮಾತ್ರ ಇದ್ದು, ಈ ಗಾಡಿ ರಿಪೇರಿ ಮಾಡಬಲ್ಲ ವರ್ಕ್‌ಶಾಪ್ 60 ಕಿಲೋಮೀಟರ್ ದೂರದ ದಾವಣಗೆರೆಯಲ್ಲಿದ್ದರೆ ನಿಭಾಯಿಸಬಹುದು. ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಆ ಕಂಪನಿಯ ಗಾಡಿ ಎಷ್ಟೇ ಚೆನ್ನಾಗಿದ್ದರೂ ಸದ್ಯಕ್ಕೆ ನಿಮಗೆ ಬೇಡ. ಇದನ್ನು ತಿಳಿಯಲು ಇನ್ನೊಂದು ಸುಲಭ ದಾರಿಯಿದೆ: ವರ್ಕ್‌ಶಾಪಿನ ಅಂಗಳದಲ್ಲಿ ಹಸಿರು ನಂಬರ್ ಪ್ಲೇಟಿನ ಗಾಡಿಗಳು ನಿಂತಿವೆಯೇ ನೋಡಿ, ಮಾಲೀಕರು ಸಿಕ್ಕರೆ ಮಾತನಾಡಿಸಿ. ಎಷ್ಟು ದಿನದಿಂದ ನಿಂತಿದೆ ಎಂಬ ಉತ್ತರ ಯಾವ ಕರಪತ್ರಕ್ಕಿಂತಲೂ ಹೆಚ್ಚು ಹೇಳುತ್ತದೆ.

ಹಾಗೆ ನಿಂತಿರುವ ಗಾಡಿಗಳಲ್ಲಿ ಅನೇಕವು ದೊಡ್ಡ ಬ್ಯಾಟರಿಯ ತೊಂದರೆಯಿಂದ ಬಂದಿರುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲೂ ಪೆಟ್ರೋಲ್ ಕಾರಿನಂತೆ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಅದು ಸೋತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಎಚ್ಚರವಾಗುವುದಿಲ್ಲ. ಉಳಿದವು ಬಹುಪಾಲು ಸಾಫ್ಟ್‌ವೇರ್, ಚಾರ್ಜಿಂಗ್ ಮುಚ್ಚಳ, ಸೆನ್ಸರ್‌ಗಳ ತಕರಾರು. ಇವು ಸಣ್ಣವು, ಆದರೆ ಅನುಭವವಿಲ್ಲದ ವರ್ಕ್‌ಶಾಪಿನಲ್ಲಿ ಕಂಪನಿಯ ಎಂಜಿನಿಯರ್ ಬರುವವರೆಗೆ ಗಾಡಿ ಕಾಯುತ್ತಾ ನಿಲ್ಲುತ್ತದೆ. ಈ ಕಾಯುವಿಕೆಯನ್ನೇ ನಾನು ಸಣ್ಣ ಊರಿನ ಎಲೆಕ್ಟ್ರಿಕ್ ಕಾರಿನ ನಿಜವಾದ ಖರ್ಚು ಎಂದು ಎಣಿಸುತ್ತೇನೆ. ಮನೆಯಲ್ಲಿ ಬೇರೆ ವಾಹನ ಇಲ್ಲದಿದ್ದರೆ ಹಳೆಯ ಡೀಸೆಲ್ ಕಾರನ್ನು ತಕ್ಷಣ ವಿನಿಮಯಕ್ಕೆ ಕೊಡದೆ ಆರು ತಿಂಗಳಾದರೂ ಇಟ್ಟುಕೊಳ್ಳಬಹುದೇ ಎಂದು ಯೋಚಿಸಿ. ವಿನಿಮಯದ ಬೋನಸ್ ತಪ್ಪಬಹುದು, ಶಾಲೆಗೆ ರಜೆ ಹಾಕುವುದು ತಪ್ಪುತ್ತದೆ.

ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ ಇದು: 40 ಯೂನಿಟ್‌ಗಿಂತ ಹೆಚ್ಚಿನ ಎಲ್‌ಎಫ್‌ಪಿ ಬ್ಯಾಟರಿ ಇರುವ, ದಾವಣಗೆರೆ ಅಥವಾ ಚಿತ್ರದುರ್ಗದ ವರ್ಕ್‌ಶಾಪ್ ಮೇಲಿನ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದ ಕಂಪನಿಯ ಗಾಡಿಯನ್ನು ಕೊಳ್ಳಿ. ಯಾವ ಕಂಪನಿಯೂ ಹಾಗೆ ಉತ್ತರಿಸದಿದ್ದರೆ ಹಳೆಯ ಕಾರಿನಲ್ಲೇ ಒಂದು ವರ್ಷ ತಳ್ಳುವುದೋ ಪೆಟ್ರೋಲ್ ಗಾಡಿ ಕೊಳ್ಳುವುದೋ ಹಿಂಜರಿಯಬೇಕಾದ ಆಯ್ಕೆಗಳಲ್ಲ. ಬೆಲೆ ಕಡಿಮೆಯೆಂದು ಬಳಸಿದ ಎಲೆಕ್ಟ್ರಿಕ್ ಕಾರಿನತ್ತ ಹೋಗುವವರು ಬ್ಯಾಟರಿಯ ಆರೋಗ್ಯದ ವರದಿಯನ್ನು ಕಂಪನಿಯ ವರ್ಕ್‌ಶಾಪಿನಿಂದಲೇ ತೆಗೆಸಬೇಕು, ವಾರಂಟಿ ಎರಡನೇ ಮಾಲೀಕರಿಗೆ ಎಷ್ಟರಮಟ್ಟಿಗೆ ವರ್ಗವಾಗುತ್ತದೆ ಎಂದು ಬರಹದಲ್ಲಿ ಪಡೆಯಬೇಕು.

ಟೆಸ್ಟ್ ಡ್ರೈವ್ ಇಲ್ಲದೆ ಬುಕ್ ಮಾಡಬೇಡಿ. ದಾವಣಗೆರೆಯಲ್ಲಿ ಡೆಮೊ ಗಾಡಿ ಇಲ್ಲವೆಂದರೆ ಕಂಪನಿಯ ಸಹಾಯವಾಣಿಗೆ ನೇರವಾಗಿ ಕೋರಿಕೆ ಸಲ್ಲಿಸಿ. ಪ್ರದೇಶಕ್ಕೆ ಒಂದರಂತೆ ತಿರುಗುವ ಡೆಮೊ ಗಾಡಿಯನ್ನು ಕೆಲವು ಕಂಪನಿಗಳು ಕಳಿಸಿಕೊಡುತ್ತವೆ. ಸಿಕ್ಕಾಗ ಶೋರೂಮಿನ ಸುತ್ತ ಎರಡು ಕಿಲೋಮೀಟರ್ ಓಡಿಸಿ ಮುಗಿಸದೆ, ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲೇ ಓಡಿಸಿ ಶೇಕಡಾ ಎಷ್ಟು ಇಳಿಯಿತು ಎಂದು ಬರೆದಿಟ್ಟುಕೊಳ್ಳಿ. ಗಾಡಿ ಬಂದಾಗ ಅದರ ತಯಾರಿಕೆಯ ತಿಂಗಳನ್ನು ನೋಡಿ. ಬೇಡಿಕೆ ಕಡಿಮೆಯಿರುವ ಕಡೆ ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತ ಗಾಡಿಯನ್ನು ದಾಟಿಸುವುದುಂಟು, ಅಂಥದ್ದರಲ್ಲಿ ಮೊದಲು ಸೋಲುವುದು ಆ 12 ವೋಲ್ಟಿನ ಬ್ಯಾಟರಿಯೇ. ಮಾರಾಟಗಾರ ಬಾಯಲ್ಲಿ ಹೇಳಿದ ಪ್ರತಿಯೊಂದನ್ನೂ, ಚಾರ್ಜರ್ ಅಳವಡಿಕೆಯ ಖರ್ಚು ಯಾರದು ಎಂಬುದನ್ನೂ ಸೇರಿಸಿ, ಬುಕಿಂಗ್ ಫಾರ್ಮಿನಲ್ಲಿ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬೆಸ್ಕಾಂ ಅರ್ಜಿಯನ್ನು ಮಾತ್ರ ಮುಂಗಡ ಕೊಡುವ ಮೊದಲೇ ಹಾಕಿ; ಮೀಟರ್ ಬರುವುದು ತಡವಾದರೆ ಹೊಸ ಕಾರು ಮನೆ ಮುಂದೆ ನಿಂತಿರುತ್ತದೆ, ನೀವು ಚಾರ್ಜಿಗಾಗಿ ಹೆದ್ದಾರಿಯವರೆಗೆ ಹೋಗಿ ಬರಬೇಕಾಗುತ್ತದೆ.